ಹೆಗಲ ಮೇಲಿನ ಒಂಬತ್ತು

ಅಫಜಲಪುರದ ಬಸ್ ಸ್ಟ್ಯಾಂಡಿನ ಎದುರಿಗೆ ಮಿನಾಜಳ ಡಿ.ಟಿ.ಪಿ. ಅಂಗಡಿ ಇದೆ. ಲಗ್ನಪತ್ರಿಕೆ ಮಾಡಿಸಲು ಅಲ್ಲಿಗೆ ಹೋದವರು ಪತ್ರಿಕೆಯ ಜೊತೆಗೆ ಒಂದಿಷ್ಟು ಬೈಗುಳವನ್ನೂ ಕಟ್ಟಿಸಿಕೊಂಡು ಬರುತ್ತಾರೆ. ಬೈಸಿಕೊಂಡವರು ಮುನಿಸಿಕೊಂಡು ಬೇರೆ ಅಂಗಡಿ ಹುಡುಕುತ್ತಾರೆಯೇ ಎಂದರೆ ಅದೂ ಇಲ್ಲ. ಕಿರಿಯ ಮಗಳ ಮದುವೆಗೆ ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತಾರೆ. ಮಿನಾಜಳ ಕೈಯಿಂದ ಹೊರಬಿದ್ದ ಪತ್ರಿಕೆಯಲ್ಲಿ ಮದುಮಗನ ಹೆಸರು ಮದುಮಗನದೇ ಆಗಿರುತ್ತದೆ, ಸತ್ತ ಮುತ್ಯಾ ಆಮಂತ್ರಿಸುವವರ ಸಾಲಿನಲ್ಲಿ ಬಂದು ಕೂತಿರುವುದಿಲ್ಲ. ಬೇರೆ ಅಂಗಡಿಗಳ ಬಗ್ಗೆ ಅಷ್ಟು ಧೈರ್ಯದಿಂದ ಹೇಳಲಾಗದು.

ಅವಳ ಸಿಟ್ಟೆಲ್ಲ ಹರಿಯುವುದು ಒಂಬತ್ತರ ಮೇಲೆ. ಜನ ಮೊಬೈಲಿನಲ್ಲಿ ಮಜಕೂರು ಕಳಿಸುವಾಗ ಅರ್ಕಾವೊತ್ತು ಹೊಡೆಯಲು ಬಾರದೆ, ನೋಡಲು ಅದರಂತೆಯೇ ಇರುವ ಕನ್ನಡದ ಒಂಬತ್ತನ್ನು ತಂದು ಅಂಟಿಸಿಬಿಡುತ್ತಾರೆ. ‘ಕಾರ್ಯಕ್ರಮ’ ಹೋಗಿ ‘ಕಾಯ೯ಕ್ರಮ’ ಆಗುತ್ತದೆ. ಹತ್ತರಲ್ಲಿ ಎಂಟು ಮಂದಿಗೆ ಅದು ಕಣ್ಣಿಗೇ ಬೀಳುವುದಿಲ್ಲ. ಮಿನಾಜಳಿಗೆ ಮಾತ್ರ ಅನ್ನದಲ್ಲಿ ಹರಳು ಸಿಕ್ಕಂತಾಗುತ್ತದೆ.

“ಏನ್ರಿ ಇದು? ಕಾಯ ಒಂಬತ್ತು ಕ್ರಮ ಅಂತ ಓದ್ಲೇನು? ಲಗ್ನ ಮಾಡಾಕತ್ತೀರೋ, ಮಗ್ಗಿ ಹೇಳಾಕತ್ತೀರೋ?”

ಗಿರಾಕಿ ಹಲ್ಲು ಕಿರಿದು, “ಅದೇ ಅಲ್ರಿ ಅಕ್ಕಾರ, ಎರಡೂ ಒಂದೇ ಕಾಣ್ತಾವ” ಎಂದರೆ ಮುಗಿಯಿತು.

“ನೀವೂ ನಿಮ್ಮ ತಮ್ಮನೂ ಒಂದೇ ಕಾಣ್ತೀರಿ. ಅವನ ಬದಲಿ ನಿಮ್ಮನ್ನ ಮದಿಮಗ ಮಾಡಿ ಕುಂಡ್ರಸ್ಲೇನು?”

ಅಂಗಡಿಯ ಗೋಡೆಗೆ ಅವಳೇ ಒಂದು ಚೀಟಿ ಹಚ್ಚಿದ್ದಾಳೆ: ‘ತಪ್ಪು ತೋರಿಸಿದವರಿಗೆ ಚಹಾ.’ ಆ ಚಹಾ ಕುಡಿದವರು ಊರಲ್ಲಿ ಯಾರೂ ಇರಲಿಲ್ಲ. ಇದು ಜಂಬವಲ್ಲವೇ ಎಂದು ಕೇಳಿದರೆ, ಜಂಬವೇ. ಆದರೆ ಕೆಲಸ ಬಲ್ಲವರ ಜಂಬ ನೋಡಲು ಚೆಂದ. ಕೆಲಸ ಬಾರದವರ ವಿನಯ ಕಂಡು ಕಂಡು ಸಾಕಾಗಿದೆ.

ಅಕ್ಷರದ ಈ ಹುಚ್ಚು ಅವಳಿಗೆ ಬಂದದ್ದು ತಂದೆಯಿಂದ. ಅಬ್ಬಾ ನಿಜಾಮುದ್ದೀನ ಒಂದು ಕಾಲಕ್ಕೆ ಆಳಂದದಲ್ಲಿ ಕಾತಿಬರಾಗಿದ್ದವರು. ಕಾತಿಬ ಎಂದರೆ ಉರ್ದುವನ್ನು ಸುಂದರವಾಗಿ ಕೈಯಿಂದ ಬರೆಯುವವರು. ಬಿದಿರಿನ ಕಲಮು ಕೆತ್ತಿ, ಮಸಿಯಲ್ಲಿ ಅದ್ದಿ ಅವರು ಬರೆದುಕೊಟ್ಟ ಶಾದಿ ಪತ್ರಿಕೆಗಳು ಕಲ್ಲಚ್ಚಿನಲ್ಲಿ ಮುದ್ರಣವಾಗಿ ಗಡಿಯಾಚೆಯ ಊರುಗಳಿಗೂ ಹೋಗುತ್ತಿದ್ದವು. ಕಂಪ್ಯೂಟರು ಬಂದ ಮೇಲೆ ಕಲಮಿನ ಕೆಲಸ ನಿಂತಿತು. ಈಗ ಅವರು ಮಗಳ ಅಂಗಡಿಯ ಮೂಲೆಯ ಕುರ್ಚಿಯಲ್ಲಿ ಕುಳಿತು, ಮಗಳು ಗಿರಾಕಿಗಳಿಗೆ ಬೈಯುವುದನ್ನು ಕೇಳಿ ಒಳಗೊಳಗೇ ನಗುತ್ತಾರೆ. ಅಳಿಯ ಮಸೂದ ಖಜೂರಿ ದಾಟಿ ಮಹಾರಾಷ್ಟ್ರಕ್ಕೆ ಲಾರಿ ಓಡಿಸುತ್ತಾನೆ. ಅವನೂ ನಗುತ್ತಾನೆ, ಆದರೆ ಅವಳ ಎದುರಿಗಲ್ಲ.

ಈ ಅಂಗಡಿಗೆ ಕಲ್ಯಾಣಪ್ಪ ಮಾಸ್ತರರು ಒಂದು ದಿನ ಕೈಬರಹದ ಕಾಗದಗಳ ಕಟ್ಟು ಹಿಡಿದುಕೊಂಡು ಬಂದರು. ನೆಲೋಗಿಯವರು. ಜೇವರ್ಗಿ, ಅಫಜಲಪುರ ಎರಡೂ ತಾಲೂಕಿನ ಶಾಲೆಗಳಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಹಣೆಯ ಮೇಲೆ ವಿಭೂತಿ, ಕಿಸೆಯಲ್ಲಿ ಸೀಮೆಸುಣ್ಣದ ತುಂಡು. ನಿವೃತ್ತಿಯಾದ ಮೇಲೂ ಆ ತುಂಡು ಕಿಸೆ ಬಿಟ್ಟಿರಲಿಲ್ಲ. ಅವರಿಗೊಂದು ಹಟವಿತ್ತು. ಅಂಕಿ ಬರೆದರೆ ಕನ್ನಡದ ಅಂಕಿಯನ್ನೇ ಬರೆಯಬೇಕು. ಇಡೀ ಜಗತ್ತು ಬೇರೆ ಅಂಕಿ ಬರೆದರೆ ಅದು ಜಗತ್ತಿನ ಹಣೆಬರಹ.

“ಮಿನಾಜ, ನೀ ಕಾಲೇಜಿನ ಗಣಿತದ ಪ್ರಶ್ನಪತ್ರಿಕಿ ಟೈಪ್ ಮಾಡ್ತಿ ಅಂತ ಕೇಳೇನಿ. ಹೌದೇನು?”

“ಹೌದ್ರಿ ಮಾಸ್ತರ. ಗಣಿತ ಜೋಡಿಸೋ ಸಾಫ್ಟ್‌ವೇರ್ ಬ್ಯಾರೇನೇ ಅದ. ಮೌಸ್ ಹಿಡಿದು ಎಳಿಯೂದು ನಡೆಯಂಗಿಲ್ಲ, ಆಜ್ಞಾ ಬರೀಬೇಕು. ಭಾಗಾಕಾರ ಹಾಕು ಅಂದ್ರ ಹಾಕ್ತದ, ಘಾತ ಏರಿಸು ಅಂದ್ರ ಏರಿಸ್ತದ. ಬ್ಯಾರೇ ಯಾರ ಮಾತ್ ಕೇಳಲಿಲ್ಲಂದ್ರೂ ಅದು ನನ್ನ ಮಾತ್ ಕೇಳ್ತದ.”

“ಹಂಗಾದ್ರ ಇದನ್ನ ದೊಡ್ಡ ಅಕ್ಷರದಾಗ ಮಾಡಿಕೊಡು. ಬರೇ ದೊಡ್ಡದಲ್ಲ, ಬಹಳ ದೊಡ್ಡದು. ಒಂದು ಕೂಸಿನ ಸಲುವಾಗಿ.”

ಆ ಕೂಸು ಮಾಸ್ತರರ ಹಿಂದೆಯೇ ನಿಂತಿತ್ತು. ಹೆಸರು ಭಾಗ್ಯಜ್ಯೋತಿ, ಭೀಮಾ ದಂಡೆಯ ಸೊನ್ನದವಳು. ಒಂಬತ್ತನೆಯ ತರಗತಿ ಮುಗಿಸಿ ಹತ್ತಕ್ಕೆ ಕಾಲಿಟ್ಟಿದ್ದಳು. ಹುಟ್ಟಿನಿಂದಲೇ ಅವಳ ಕಣ್ಣು ಮಂದ. ದಪ್ಪ ಅಕ್ಷರವಾದರೆ ಮೂಗಿನ ಹತ್ತಿರ ಹಿಡಿದು ಓದುತ್ತಾಳೆ, ಸಣ್ಣದಾದರೆ ಎಲ್ಲ ಕಲಸಿಹೋಗುತ್ತದೆ. ಲೆಕ್ಕವೆಂದರೆ ಪ್ರಾಣ. ಬಾಯಿಂದ ಹೇಳಿದ ಲೆಕ್ಕವನ್ನು ತಲೆಯಲ್ಲೇ ಬಿಡಿಸಿ, ಉಳಿದವರು ಪೆನ್ನಿನ ಟೋಪಿ ತೆಗೆಯುವುದರೊಳಗೆ ಉತ್ತರ ಹೇಳಿಬಿಡುತ್ತಾಳೆ. ಆದರೆ ಘಾತಾಂಕಗಳ ಪಾಠ ಬಂದ ಮೇಲೆ ಎಡವತೊಡಗಿದಳು. ಅಕ್ಷರದ ಹೆಗಲ ಮೇಲೆ ಕೂರುವ ಆ ಪುಟ್ಟ ಅಂಕಿಗಳು ಅವಳಿಗೆ ಕಾಣುತ್ತಿರಲಿಲ್ಲ.

ಶಾಲೆಯ ಹೆಡ್‌ಮೇಡಂ ಗಂಗಾಬಾಯಿಯವರು ಕೆಟ್ಟವರಲ್ಲ. ಕಣ್ಣು ಮಂದವಿದ್ದವರು ಗಣಿತ ಬಿಟ್ಟು ಬೇರೆ ವಿಷಯ ತೆಗೆದುಕೊಳ್ಳಬಹುದು, ಹುಡುಗಿ ಹಾಗೆ ಮಾಡಲಿ, ಸುಮ್ಮನೆ ಗೋಳು ಯಾಕೆ ಎನ್ನುವುದು ಅವರ ಮಾತು. ನಿವೃತ್ತಿಯ ಮೇಲೂ ಅವಳಿಗೆ ಲೆಕ್ಕ ಹೇಳಿಕೊಡುತ್ತಿದ್ದ ಮಾಸ್ತರರು ಒಪ್ಪಲಿಲ್ಲ. ವಾದ ಎಳೆದಾಡಿ ಕೊನೆಗೆ ಒಂದು ಮಾತಿಗೆ ಬಂದು ನಿಂತಿತು. ಪರೀಕ್ಷೆಗೆ ಹೆಸರು ಕಳಿಸುವ ಮುಂಚೆ ಭಾಗ್ಯಜ್ಯೋತಿ ದೊಡ್ಡಕ್ಷರದ ಒಂದು ಹಾಳೆಯನ್ನು ಮೇಡಂ ಎದುರಿಗೆ ತಾನೇ ಓದಿ, ತಾನೇ ಬಿಡಿಸಿ ತೋರಿಸಬೇಕು. ತೋರಿಸಿದರೆ ಗಣಿತ ಉಳಿಯುತ್ತದೆ, ಇಲ್ಲವಾದರೆ ಬಿಡಬೇಕು.

“ನಿನಗೂ ಬ್ಯಾರೇ ವಿಷಯ ಆರಾಮ ಅಲ್ಲೇನ ಬೇ?” ಎಂದು ಮಿನಾಜ ಹುಡುಗಿಯನ್ನು ಕೆಣಕಿದಳು.

ಹುಡುಗಿ ಮಾತು ಬಂದ ದಿಕ್ಕಿಗೆ ಮುಖ ತಿರುಗಿಸಿದಳು. “ಲೆಕ್ಕ ಬಿಟ್ರ ನನಗ ಬ್ಯಾರೇ ಏನ್ ಬರ್ತದ್ರಿ ಅಕ್ಕಾರ? ಆಟಕ್ಕ ಕರಿಯಂಗಿಲ್ಲ, ಡ್ಯಾನ್ಸಿಗೆ ಕರಿಯಂಗಿಲ್ಲ. ಲೆಕ್ಕ ತಿಳೀಲಿಲ್ಲಂದ್ರ ಮಾತ್ರ ಎಲ್ಲಾರೂ ನನ್ನ ಹತ್ರ ಬರ್ತಾರ.”

ಮಿನಾಜಳಿಗೆ ಆ ಮಾತು ನಾಟಿತು. ಲಗ್ನಪತ್ರಿಕೆಯ ಕೆಲಸ ಬದಿಗಿಟ್ಟು ಮಾಸ್ತರರ ಕಟ್ಟು ಬಿಚ್ಚಿದಳು.

ಮಾಸ್ತರರು ಇಂಗ್ಲಿಷಿನ ಎಕ್ಸ್, ವೈ ಬಿಟ್ಟು ಕ, ಗ, ವ ಎಂದು ಕನ್ನಡದ ಅಕ್ಷರಗಳಲ್ಲೇ ಲೆಕ್ಕ ಬರೆದಿದ್ದರು. ಅದು ಬರೀ ಹಟವಲ್ಲ. ಮಂದ ಕಣ್ಣಿಗೆ ಎಕ್ಸ್ ಅಕ್ಷರವೂ ಗುಣಾಕಾರದ ಚಿಹ್ನೆಯೂ ಅವಳಿ ಮಕ್ಕಳಂತೆ ಕಾಣುತ್ತವೆ.

“ಮೊದಲ ಕಾಣೂದು ರೂಢಿ ಆಗ್ಲಿ. ವ, ಗ ಓದಿದಾಕಿಗೆ ಎಕ್ಸ್ ಯಾವ ಗಿಡದ ತಪ್ಪಲು?” ಎಂದು ಮಾಸ್ತರರು ಅಂದರು.

ಮಿನಾಜ ಟೈಪು ಮಾಡಿ, ಅಕ್ಷರದ ಅಳತೆಯನ್ನು ಅಂಗಡಿಯ ಬೋರ್ಡಿಗೆ ಸಮನಾಗುವಂತೆ ಏರಿಸಿ, ಹಾಳೆ ತೆಗೆದುಕೊಟ್ಟಳು. ಭಾಗ್ಯಜ್ಯೋತಿ ಹಾಳೆಯನ್ನು ಮುಖಕ್ಕೆ ಹತ್ತಿರ ಹಿಡಿದು, “ಸುಲಭ ರೂಪಕ್ಕೆ ತನ್ನಿ” ಎಂದು ನೀರು ಕುಡಿದಷ್ಟು ಸರಾಗವಾಗಿ ಓದಿದಳು. ಆಮೇಲೆ ನಿಂತಳು. ಹಾಳೆಯನ್ನು ಹಿಂದೆ ಮಾಡಿದಳು, ಮುಂದೆ ಮಾಡಿದಳು.

“ಇಲ್ಲಿ ಗ ಮ್ಯಾಲ ಒಂದು ಇರಿವಿ ಕುಂತದ್ರಿ.”

ಮಿನಾಜ ಹಾಳೆ ಕಸಿದುಕೊಂಡು ನೋಡಿದಳು. ಮಾತುಗಳೆಲ್ಲ ಎತ್ತಿನಂತೆ ಬೆಳೆದಿದ್ದವು. ಗಣಿತ ಮಾತ್ರ ಹಿಂದೆಯೇ ಉಳಿದಿತ್ತು. ಘಾತದ ಅಂಕಿಯಂತೂ ನಿಜವಾಗಿಯೂ ಇರುವೆಯಂತೆಯೇ ಇತ್ತು. ಕಾಲೇಜಿನ ಪ್ರಶ್ನಪತ್ರಿಕೆಗಳಲ್ಲಿ ಅಕ್ಷರ ಸಣ್ಣದಿದ್ದುದರಿಂದ ಈ ತೊಂದರೆ ಅವಳಿಗೆ ಎಂದೂ ಎದುರಾಗಿರಲಿಲ್ಲ.

ಆ ಪ್ರಶ್ನಪತ್ರಿಕೆ ಕೊಡುತ್ತಿದ್ದ ಲೆಕ್ಚರರಿಗೆ ಫೋನು ಮಾಡಿ ಸಾಫ್ಟ್‌ವೇರಿನ ಮೇಲೆ ದೂರು ಹೇಳಿದಳು. ಅವರು ತಾಳ್ಮೆಯಿಂದ ತಿಳಿಸಿಕೊಟ್ಟರು. ಆ ಸಾಫ್ಟ್‌ವೇರಿನಲ್ಲಿ ಮಾತಿನ ಅಕ್ಷರಕ್ಕೊಂದು ಅಳತೆ, ಗಣಿತಕ್ಕೆ ಬೇರೆಯದೇ ಅಳತೆ. ಗಣಿತಕ್ಕೂ ಮೂರು ಬೇಕು. ಸಾಲಿನಲ್ಲಿ ನಿಂತದ್ದಕ್ಕೊಂದು, ಹೆಗಲ ಮೇಲೆ ಕೂತದ್ದಕ್ಕೊಂದು, ಹೆಗಲ ಮೇಲಿನದರ ಹೆಗಲೇರಿದ್ದಕ್ಕೊಂದು. ಅವಳು ಇಟ್ಟುಕೊಂಡ ಗಣಿತದ ಫಾಂಟು ಒಂದು ಮಟ್ಟದವರೆಗೆ ಮಾತ್ರ ಬೆಳೆಯುತ್ತದೆ. ಅದರಾಚೆಗೆ ಬೇಕಾದರೆ ಬೆಳೆಯಬಲ್ಲ ಫಾಂಟು ಹಾಕಿ, ಅಳತೆಗಳನ್ನು ತಾನೇ ಬರೆದುಕೊಡಬೇಕು.

“ಎಷ್ಟೆಷ್ಟು ಬರೀಲ್ರಿ?”

“ಅದಕ್ಕ ಲೆಕ್ಕ ಇಲ್ಲಮ್ಮ. ಕನ್ನಡದ ಜೊತೀಗೆ ಯಾವುದು ಒಪ್ತದ ನೋಡಿ ನೀನೇ ಇಡಬೇಕು.”

ಅಳತೆ ಅವರವರ ಕಣ್ಣಿಗೆ ಬಿಟ್ಟದ್ದು ಎಂದು ಗೊತ್ತಾದ ಮೇಲೆ ಮಿನಾಜ ತಡಮಾಡಲಿಲ್ಲ. ಅವಳ ಸ್ವಭಾವವೇ ಅಂಥದು, ಅರ್ಧ ಅಳತೆ ಅವಳಿಗೆ ಒಗ್ಗುವುದಿಲ್ಲ. ಮಾತಿಗೆ ಎಷ್ಟೋ ಗಣಿತಕ್ಕೂ ಅಷ್ಟು, ಹೆಗಲ ಮೇಲಿನದಕ್ಕೂ ಅಷ್ಟು ಎಂದು ಎಲ್ಲರಿಗೂ ಒಂದೇ ಪಂಕ್ತಿಯಲ್ಲಿ ಬಡಿಸಿಬಿಟ್ಟಳು. ಹಾಳೆ ಬಂದಾಗ ಘಾತದ ಅಂಕಿಗಳು ಮೇಲಿನ ಸಾಲಿನ ಒತ್ತಕ್ಷರಗಳಿಗೆ ಹೋಗಿ ಡಿಕ್ಕಿ ಹೊಡೆದಿದ್ದವು. ಕನ್ನಡದ ಸಾಲಿನ ಕೆಳಗೆ ಒತ್ತಕ್ಷರಗಳು ಕಾಲು ಇಳಿಬಿಟ್ಟುಕೊಂಡು ಕೂತಿರುತ್ತವೆ, ಅಲ್ಲಿ ಬೇರೆಯವರಿಗೆ ತಲೆ ಎತ್ತಲು ಜಾಗವಿಲ್ಲ. ಮಿನಾಜ ಅಂಕಿಗಳನ್ನೇ ಒಂದಿಷ್ಟು ಕೆಳಗಿಳಿಸಿದಳು. ಈಗ ಯಾರೂ ಯಾರಿಗೂ ತಾಗಲಿಲ್ಲ, ಅಂಕಿಯೂ ಅಂಗೈಯಷ್ಟು ದೊಡ್ಡದು. ಇನ್ನು ಕುರುಡರೂ ಓದಬೇಕು ಎಂದು ಬೀಗಿ, ಹಾಳೆಗಳನ್ನು ಮಾಸ್ತರರಿಗೆ ಕಳಿಸಿಕೊಟ್ಟಳು.

ಒಂದು ವಾರ ಕಳೆದಿರಬೇಕು, ಮಾಸ್ತರರು ಹುಡುಗಿಯನ್ನು ಕರೆದುಕೊಂಡು ಬಂದರು. ಇಬ್ಬರ ಮುಖವೂ ಬಾಡಿತ್ತು. ಹುಡುಗಿ ಅತ್ತದ್ದು ಗೊತ್ತಾಗುತ್ತಿತ್ತು.

“ನಂದೇ ತಪ್ಪಿರಬೇಕು ಮಿನಾಜ,” ಎಂದರು ಮಾಸ್ತರರು. “ಕೂಸಿನ ಮ್ಯಾಲ ಬಹಳ ಭಾರ ಹಾಕಿದೆ. ಅಕ್ಷರ ಕಾಣ್ತಾವ ಅಂತಾಳ, ಗಡಾಗಡಾ ಓದ್ತಾಳ. ಲೆಕ್ಕ ಮಾತ್ರ ಎಲ್ಲೆಲ್ಲೋ ಹೊಂಟದ. ಹೇಳಿದ್ರ ಬರ್ತದ, ಹಾಳಿ ನೋಡಿ ಮಾಡು ಅಂದ್ರ ಇಲ್ಲ. ಈ ಶನಿವಾರ ಮೇಡಂ ಕೇಳೋರು. ಹ್ಯಾಂಗ ಹೋಗ್ಲಿ?”

ಮಿನಾಜಳಿಗೆ ಇದು ಸರಿಬರಲಿಲ್ಲ. “ಓದು ನೋಡೂಣು. ನನ್ನೆದುರು ಓದು.”

ಭಾಗ್ಯಜ್ಯೋತಿ ಹಾಳೆ ಎತ್ತಿದಳು. ಓದು ಸ್ಪಷ್ಟವಿತ್ತು. “ಸುಲಭ ರೂಪಕ್ಕೆ ತನ್ನಿ. ವರ್ಗ ಭಾಗಿಸು…”

“ಏನಂದಿ?”

“ವರ್ಗ, ಅಕ್ಕಾರ. ಯಾವುದರ ವರ್ಗ ಅಂತ ಬರದಿಲ್ಲ. ಅದಕ್ಕ ನಾ ಇದ್ದಬದ್ದದ್ದೆಲ್ಲಾ ವರ್ಗ ಮಾಡಿ ನೋಡಿದೆ.”

ಮಿನಾಜ ಹಾಳೆಯನ್ನು ತೆಗೆದುಕೊಂಡು ನೋಡಿದಳು. ಮಾಸ್ತರರು ಬರೆದದ್ದು ವ, ಅದರ ಪಕ್ಕ ಗ, ಗ ಹೆಗಲ ಮೇಲೆ ಒಂಬತ್ತು. ಅವಳು ಆ ಒಂಬತ್ತನ್ನು ಗ ಅಷ್ಟೇ ದೊಡ್ಡದು ಮಾಡಿ, ಕೆಳಗಿಳಿಸಿ, ಪಕ್ಕಕ್ಕೆ ತಂದು ನಿಲ್ಲಿಸಿದ್ದಳು. ಹಾಳೆಯ ಮೇಲೆ ಎದ್ದು ಕಾಣುವಂತೆ ಇದ್ದದ್ದು ‘ವಗ೯’. ಕನ್ನಡ ಬಲ್ಲ ಯಾರೇ ಓದಿದರೂ ಅದು ‘ವರ್ಗ’. ಹುಡುಗಿಯ ಕಣ್ಣು ತಪ್ಪಿರಲಿಲ್ಲ, ತಲೆಯೂ ತಪ್ಪಿರಲಿಲ್ಲ.

ಒಂಬತ್ತಕ್ಕೂ ಅರ್ಕಾವೊತ್ತಿಗೂ ಭೇದ ತಿಳಿಯದವರೆಂದು ಇಡೀ ಅಫಜಲಪುರಕ್ಕೆ ಮಂಗಳಾರತಿ ಮಾಡಿದ ಬಾಯಿ ಒಣಗಿಹೋಯಿತು. ಅವಳ ಕೈಯಿಂದಲೇ ಆ ಒಂಬತ್ತು ಹೊರಬಿದ್ದಿತ್ತು. ಆ ತಪ್ಪಿಗಾಗಿ ಈ ಹುಡುಗಿ ವಾರವಿಡೀ ತನ್ನ ಬುದ್ಧಿಯನ್ನೇ ಬೈದುಕೊಂಡು ಅತ್ತಿದ್ದಳು. ಮಿನಾಜಳಿಗೆ ನಾಚಿಕೆಗಿಂತ ಹೆಚ್ಚಾಗಿ ಸಂಕಟವಾಯಿತು.

“ನಿನ್ನ ತಪ್ಪಲ್ಲ, ಮಾಸ್ತರದೂ ಅಲ್ಲ. ನಂದು,” ಎಂದಳು. “ನೀ ಸರೀನೇ ಓದಿದಿ. ನಾ ಬರದದ್ದು ಹಂಗೇ ಅದ.”

ಹುಡುಗಿ ಕೈ ಚಾಚಿ ಹಾಳೆ ಇಸಿದುಕೊಂಡು ಮತ್ತೆ ಮುಖಕ್ಕೆ ಹಿಡಿದಳು. ಆಮೇಲೆ, “ಹಂಗಾದ್ರ ನನಗ ಲೆಕ್ಕ ಬರ್ತದೇನ್ರಿ?” ಎಂದು ಕೇಳಿದಳು. ಮಾಸ್ತರರು ಮುಖ ಆಚೆ ತಿರುಗಿಸಿ ಕಿಸೆಯ ಸೀಮೆಸುಣ್ಣ ಹುಡುಕಿದರು.

ತಪ್ಪು ಒಪ್ಪಿಕೊಂಡಾಯಿತು, ತಿದ್ದುವುದು ಹೇಗೆಂದು ಮಾತ್ರ ತಿಳಿಯಲಿಲ್ಲ. ಇಬ್ಬರೂ ಹೋದ ಮೇಲೆ ಮಿನಾಜ ಅಂಕಿಯನ್ನು ಇಳಿಸಿ ನೋಡಿದಳು, ಏರಿಸಿ ನೋಡಿದಳು. ಸಣ್ಣದಾದರೆ ಇರುವೆ, ದೊಡ್ಡದಾದರೆ ಅರ್ಕಾವೊತ್ತು. ನಡುವೆ ಒಂದು ಅಳತೆ ಸಿಕ್ಕಿತೆಂದು ಮಾತಿನ ಅಕ್ಷರವನ್ನು ಸ್ವಲ್ಪ ಬದಲಾಯಿಸಿದರೆ ಮತ್ತೆ ಎಲ್ಲ ಕೆಡುತ್ತಿತ್ತು. ಅತ್ತ ದರಿ, ಇತ್ತ ಪುಲಿ. ಅವಳ ಸಿಟ್ಟು ಕೀಬೋರ್ಡಿನ ಮೇಲೆ ತಿರುಗಿತು.

ಮೂಲೆಯಿಂದ ಅಬ್ಬಾ ಕೆಮ್ಮಿದರು. ಮನೆಯಲ್ಲಿ ಅವರಿಬ್ಬರ ಮಾತು ದಖನಿಯಲ್ಲಿ, ನಡುವೆ ಕನ್ನಡ. “ಯಾತರಾಗ ಅಳತಿ ಹಾಕಾಕತ್ತಿ ಬೇಟಾ?”

“ಪಾಯಿಂಟಿನಾಗ, ಅಬ್ಬಾ.”

“ಪಾಯಿಂಟು ಯಾರ ಮನಿದು? ನನ್ನ ಕಲಮ್ ತಾ.”

ಎರಡು ಕಲಮು ತರಿಸಿಕೊಂಡರು, ಒಂದು ದಪ್ಪ, ಒಂದು ಸಣ್ಣ. ನಡುಗುವ ಕೈ ಮಸಿ ತಾಗಿದ ಕೂಡಲೇ ಹೇಗೆ ನೆಟ್ಟಗಾಯಿತೋ ಅಲ್ಲಾಹನೇ ಬಲ್ಲ. ಸಣ್ಣ ಕಲಮಿನಿಂದ ಕಾಗದದ ಮೇಲೆ ಚುಕ್ಕೆಯ ಮೇಲೆ ಚುಕ್ಕೆಯಾಗಿ ಮೂರು ಚುಕ್ಕೆ ಒತ್ತಿ, ಪಕ್ಕದಲ್ಲಿ ಅಷ್ಟೇ ಎತ್ತರದ ಅಲಿಫ್, ಉರ್ದುವಿನ ಮೊದಲ ಅಕ್ಷರದ ನೆಟ್ಟನೆಯ ಗೀಟು, ಎಳೆದರು. ಆಮೇಲೆ ದಪ್ಪ ಕಲಮು ಹಿಡಿದು ಮತ್ತೆ ಮೂರು ಚುಕ್ಕೆ, ಪಕ್ಕದಲ್ಲಿ ಮತ್ತೊಂದು ಅಲಿಫ್. ಒಂದು ಕಿರುಬೆರಳಿನಷ್ಟು, ಇನ್ನೊಂದು ಗೇಣಿನಷ್ಟು. ಆದರೆ ನೋಡಿದರೆ ಒಬ್ಬ ತಾಯಿಯ ಮಕ್ಕಳು.

“ಕಾತಿಬ ಫೂಟಪಟ್ಟಿ ಹಿಡಿಯಂಗಿಲ್ಲ. ಯಾವ ಕಲಮಿಲೆ ಬರೀತಾನ, ಅದೇ ಕಲಮಿನ ನುಕ್ತಾದಿಂದ, ಈ ಚುಕ್ಕಿಯಿಂದ, ಅಳೀತಾನ. ಕಲಮ್ ದೊಡ್ಡದಾತು, ನುಕ್ತಾನೂ ದೊಡ್ಡದಾತು. ಅಕ್ಷರ ತಾನಾಗೇ ಹೊಂದ್ತದ. ಹೊರಗಿನ ಅಳತಿ ತಂದ್ರ ಹೊರಗಿನದೇ ಕಾಣ್ತದ.”

“ಅದು ಉರ್ದು ಅಬ್ಬಾ. ಕನ್ನಡಕ್ಕ ನುಕ್ತಾ ಎಲ್ಲೀದು?”

“ಅದು ನನಗೇನ್ ಗೊತ್ತು? ನೀ ಹುಡುಕು.” ಇಷ್ಟು ಹೇಳಿ ಕಲಮು ಒರೆಸಿಟ್ಟರು. ಅವರೂ ಅವಳಪ್ಪನೇ ತಾನೆ, ಎಲ್ಲ ಹೇಳಿಬಿಟ್ಟರೆ ಮಜಾ ಎಲ್ಲಿ?

ಮಿನಾಜ ಪರದೆಯ ಮೇಲಿನ ಸಾಲನ್ನು ದಿಟ್ಟಿಸಿದಳು. ಸಾಲಿನ ತುಂಬ ಕನ್ನಡದ ಸೊನ್ನೆಗಳಿದ್ದವು, ‘ಅಂಕಿ’ಯಲ್ಲೊಂದು, ‘ಸಂಖ್ಯೆ’ಯಲ್ಲೊಂದು. ಒತ್ತಿಲ್ಲ, ಕೊಂಬಿಲ್ಲ, ದುಂಡಗೆ ತನ್ನ ಪಾಡಿಗೆ ತಾನು ಕೂತ ಸೊನ್ನೆ. ಅಕ್ಷರ ಬೆಳೆದರೆ ಅದೂ ಬೆಳೆಯುತ್ತದೆ. ಇದಕ್ಕಿಂತ ಒಳ್ಳೆಯ ನುಕ್ತಾ ಬೇಕೇ?

ಸೊನ್ನೆಯ ಮೇಲೆ ಸೊನ್ನೆ ಇಟ್ಟು ಗ ಎಷ್ಟು ಎತ್ತರವೆಂದು ಅಳೆದಳು. ಅವಳ ಫಾಂಟಿನಲ್ಲಿ ಅದು ಒಂದೂವರೆ ಸೊನ್ನೆಯಾಯಿತು. ಹಾಗಾದರೆ ಹೆಗಲ ಮೇಲಿನ ಅಂಕಿ ಒಂದು ಸೊನ್ನೆಗಿಂತ ಸಣ್ಣದಾಗಬಾರದು, ಸಣ್ಣದಾದರೆ ಅದು ಇರುವೆ. ಗ ಅಷ್ಟು ದೊಡ್ಡದೂ ಆಗಬಾರದು, ಅಷ್ಟಾದರೆ ಅದು ಅರ್ಕಾವೊತ್ತು. ಇನ್ನೊಂದು ಕಟ್ಟಳೆಯನ್ನೂ ಅವಳೇ ಹಾಕಿದಳು. ಹೆಗಲ ಮೇಲೆ ಕೂತವನ ಕಾಲು ಅಕ್ಷರದ ತಲೆಕಟ್ಟಿನಿಂದ ಕೆಳಗೆ ಇಳಿಯಕೂಡದು. ಮೇಲಿನ ಸಾಲಿನ ಒತ್ತಕ್ಷರಕ್ಕೆ ತಾಗಿದರೆ ಸಾಲನ್ನೇ ಮೇಲಕ್ಕೆ ಸರಿಸಬೇಕು, ಅಂಕಿಯನ್ನು ಕೆಳಗೆ ತಳ್ಳಕೂಡದು. ಕೂಸನ್ನು ಹೆಗಲ ಮೇಲೆ ಕೂರಿಸಿಕೊಂಡವರು ಬಾಗಿಲು ದೊಡ್ಡದು ಮಾಡಿಸಬೇಕೇ ಹೊರತು ಕೂಸಿನ ತಲೆ ತಗ್ಗಿಸುವುದಲ್ಲ.

ಬೆಳೆಯುವ ಫಾಂಟು ಹಾಕಿ, ಈ ಕಟ್ಟಳೆಗಳನ್ನೆಲ್ಲ ಆಜ್ಞೆಯಾಗಿ ಬರೆದಳು. ಇಷ್ಟು ಪಾಯಿಂಟು ಎಂದು ಬರೆಯಲಿಲ್ಲ. ಮಾತಿನ ಅಕ್ಷರದ ಇಷ್ಟು ಪಾಲು ಎಂದು ಬರೆದಳು. ನಾಳೆ ಇನ್ನೊಂದು ಕೂಸು ಇದಕ್ಕಿಂತ ದೊಡ್ಡಕ್ಷರ ಬೇಕೆಂದು ಬಂದರೂ ಗಣಿತ ತಾನಾಗಿಯೇ ಹಿಂಬಾಲಿಸಬೇಕು. ಸಾಲು ಕೆಟ್ಟು ಎರಡು ಸಲ ಮೊದಲಿನಿಂದ ಬರೆದಳು, ಮೂರನೆಯ ಸಲ ಬೈದುಕೊಂಡು ಬರೆದಳು. ಅಂಗಡಿಗೆ ಬಂದ ಗಿರಾಕಿಗಳಿಗೆ ಅಬ್ಬಾನೇ, “ಇವತ್ತು ಆಕಿ ಬೈಯಂಗಿಲ್ಲ, ನಾಳಿ ಬರ್ರಿ” ಎಂದು ಹೇಳಿ ಕಳಿಸಿದರು.

ಮರುದಿನ ಹುಡುಗಿಗೆ ಹಾಳೆ ತೋರಿಸಿದರೆ ಅವಳು ಒಂದು ಕ್ಷಣವೂ ತಡೆಯದೆ, “ಗ ಮ್ಯಾಲ ಒಂಬತ್ತು ಕುಂತದ” ಎಂದಳು.

“ಸೊನ್ನದಾಕಿಗೆ ಸೊನ್ನೀಲೇ ಅಳತಿ ಹಾಕಬೇಕಾತು ನೋಡು,” ಎಂದು ಮಿನಾಜ ನಕ್ಕಳು. ತನ್ನ ತಪ್ಪು ತಿಳಿದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಶನಿವಾರದ ಹಾಳೆಯನ್ನು ಮಾತ್ರ ಹುಡುಗಿಗೆ ಮುಂಚೆ ತೋರಿಸುವಂತಿರಲಿಲ್ಲ. ಮಾಸ್ತರರು ಬರೆದುಕೊಟ್ಟ ಹೊಸ ಲೆಕ್ಕಗಳನ್ನು ಜೋಡಿಸಿ, ಮಿನಾಜ ಅಂಗಡಿಗೆ ಬೀಗ ಹಾಕಿ ತಾನೇ ಶಾಲೆಗೆ ಒಯ್ದಳು. ಕೊರಿಯರಿನವರ ಮೇಲೆ, ಮಾಸ್ತರರ ಚೀಲದ ಮೇಲೆ, ಯಾರ ಮೇಲೂ ಅವಳಿಗೆ ಭರವಸೆಯಿರಲಿಲ್ಲ.

ಗಂಗಾಬಾಯಿಯವರು ಹುಡುಗಿಯನ್ನು ಹತ್ತಿರ ಕೂರಿಸಿಕೊಂಡು ಮಾಸ್ತರರಿಗೆ ಹೇಳಿದರು: “ನನಗೇನ್ ಹಟ ಇಲ್ರಿ ಸರ್. ಈಕಿ ನೆನಪಿನ ಶಕ್ತಿ ಹೆಂಥಾದು ಅಂತ ನನಗ ಗೊತ್ತದ. ಕೇಳಿದ್ದೆಲ್ಲಾ ಬಾಯಿಪಾಠ ಮಾಡ್ತಾಳ. ಇಲ್ಲಿ ಬಾಯಿಪಾಠ ಹೇಳಿ, ಅಲ್ಲಿ ಪರೀಕ್ಷಾದಾಗ ಕೂಸು ಒಂದೇ ಕುಂತು ಅತ್ರ ಯಾರ ಹೊಣಿ? ಕಂಡದ್ದನ್ನ ಓದಬೇಕು, ಅಷ್ಟೇ.”

ಭಾಗ್ಯಜ್ಯೋತಿ ಓದತೊಡಗಿದಳು. ಮೊದಲ ಲೆಕ್ಕ ಸರಿ. ಎರಡನೆಯದೂ ಸರಿ. ಮಿನಾಜ ಬಾಗಿಲ ಹತ್ತಿರ ಸೆರಗಿನ ತುದಿ ಹಿಂಡುತ್ತ ನಿಂತಿದ್ದಳು. ಮೂರನೆಯದು ಆ ಹಳೆಯ ವೈರಿ. ಮಾಸ್ತರರು ಬೇಕೆಂದೇ ಅದನ್ನು ಇಟ್ಟಿದ್ದರು.

“ವ, ಗ ಘಾತ ಆರು. ಭಾಗಿಸು, ಗ ಘಾತ ನಾಲ್ಕು.”

ಮಾಸ್ತರರ ಮುಖ ಕಪ್ಪಿಟ್ಟಿತು. ಆ ಲೆಕ್ಕ ಅವರಿಗೆ ಕಂಠಪಾಠ. ಅಲ್ಲಿರುವುದು ಒಂಬತ್ತು. ಕನ್ನಡದ ಆರೂ ಒಂಬತ್ತೂ ಮೊದಲೇ ದಾಯಾದಿಗಳಂತೆ ಒಂದೇ ಮುಖದವು. ದನಿ ತಗ್ಗಿಸಿ, “ಸಾವಕಾಶ ನೋಡವ್ವ, ಒಂಬತ್ತೇನು?” ಎಂದರು.

ಹುಡುಗಿ ಹಾಳೆಯನ್ನು ಇನ್ನೊಮ್ಮೆ ಮುಖಕ್ಕೆ ತಂದಳು. “ಮನಿಯಾಗ ಮಾಡಿದ್ರಾಗ ಒಂಬತ್ತಿತ್ತು, ನೆನಪದರಿ. ಇಲ್ಲಿ ಆರದ.”

ಇಷ್ಟೆಲ್ಲ ಮಾಡಿಯೂ ಕಾಣಲಿಲ್ಲವೆಂದರೆ ಮಿನಾಜಳಿಗೆ ಇನ್ನು ಮಾಡುವುದಕ್ಕೆ ಏನೂ ಉಳಿದಿರಲಿಲ್ಲ. ಮಾಸ್ತರರು ಒಂಬತ್ತೆಂದು ಹೇಳಿದ ಮೇಲೆ ಹುಡುಗಿ ಹೌದೆಂದುಬಿಡಬಾರದೇ ಎಂದು ಒಳಗೇ ಬೇಡಿಕೊಂಡಳು. ಹುಡುಗಿ ಅನ್ನಲಿಲ್ಲ.

“ಸರ್, ನೀವು ಹೇಳಿದ್ರ ಒಂಬತ್ತು ಅಂತ ಬರೀತೇನಿ. ಆದ್ರ ಕಾಣೂದು ಆರು.”

ಗಂಗಾಬಾಯಿಯವರು ಹಾಳೆಯನ್ನು ತೆಗೆದುಕೊಂಡರು. ಕನ್ನಡಕ ಏರಿಸಿದರು, ಕಿಟಕಿಯ ಬೆಳಕಿಗೆ ಹಿಡಿದರು, ಮಾಸ್ತರರತ್ತ ನೋಡಿದರು, ಬಾಗಿಲ ಬಳಿ ನಿಂತಿದ್ದ ಮಿನಾಜಳತ್ತ ನೋಡಿದರು.

“ಆರೇ ಅದರಿ,” ಎಂದರು.

ಮಾಸ್ತರರ ಕೈಬರಹದ ಒಂಬತ್ತನ್ನು ಮಿನಾಜ ಆರೆಂದು ಟೈಪು ಮಾಡಿದ್ದಳು. ಟೈಪು ಮಾಡುವುದರಲ್ಲಿ ಎಂದೂ ತಪ್ಪದವಳು ಆ ಶನಿವಾರದ ಹಾಳೆಯಲ್ಲೇ ತಪ್ಪಿದ್ದಳು. ಬಾಯಿಪಾಠ ಹೇಳುವವಳಾಗಿದ್ದರೆ ಹುಡುಗಿ ಒಂಬತ್ತು ಎನ್ನುತ್ತಿದ್ದಳು, ಗುರುಗಳ ಮುಖ ನೋಡಿ ಹೇಳುವವಳಾಗಿದ್ದರೂ ಒಂಬತ್ತು ಎನ್ನುತ್ತಿದ್ದಳು. ಅವಳು ಕಂಡದ್ದನ್ನು ಓದಿದ್ದಳು. ಮೇಡಂ ಮತ್ತೇನೂ ಕೇಳುವ ಅಗತ್ಯ ಉಳಿಯಲಿಲ್ಲ.

“ಉತ್ತರ ಹೇಳಿಬಿಡು ಬೇ,” ಎಂದಳು ಮಿನಾಜ, ಕಣ್ಣು ಒರೆಸಿಕೊಳ್ಳುತ್ತ.

ಹುಡುಗಿ ಆಗಲೇ ಬಿಡಿಸಿಟ್ಟಿದ್ದಳು. “ಆರರಾಗ ನಾಲ್ಕು ಹೋದ್ರ ಎರಡು. ವ, ಗ ಘಾತ ಎರಡು.” ಇಷ್ಟು ಹೇಳಿ ನಕ್ಕಳು. “ಈ ಸಲ ಖರೇನೇ ವರ್ಗ ಬಂತ್ರಿ ಅಕ್ಕಾರ.”

ಭಾಗ್ಯಜ್ಯೋತಿಯ ಹೆಸರು ಗಣಿತದ ಜೊತೆಗೇ ಹೋಯಿತು. ಪರೀಕ್ಷೆಯಲ್ಲಿ ಅವಳು ಏನು ಮಾಡಿದಳೆಂದು ಕೇಳುವವರಿಗೆ ಮಿನಾಜ, “ಆಕಿ ಏನ್ ಮಾಡ್ತಾಳ? ಲೆಕ್ಕ ಮಾಡಿದಳು” ಎಂದು ಉತ್ತರ ಕೊಡುತ್ತಾಳೆ. ಮಾಸ್ತರರ ಲೆಕ್ಕಗಳು ಈಗ ಪುಸ್ತಕವಾಗಿವೆ, ಬೇಕಾದ ಮಕ್ಕಳಿಗೆ ಬೇಕಾದ ಅಳತೆಯಲ್ಲಿ ಮಿನಾಜ ತೆಗೆದುಕೊಡುತ್ತಾಳೆ. ಮೂರನೆಯ ಲೆಕ್ಕವನ್ನು ತಿದ್ದಿ ಮತ್ತೆ ಒಂಬತ್ತು ಮಾಡಲು ಮಾಸ್ತರರು ಹೇಳಿದ್ದರು. ಅವಳು ಕೇಳಲಿಲ್ಲ. ಅವರೇ ಕೊನೆಯ ಪುಟದ ಉತ್ತರ ಬದಲಾಯಿಸಬೇಕಾಯಿತು.

ಆ ಶನಿವಾರ ಶಾಲೆಯಿಂದ ಹೊರಬಿದ್ದವರು ನೇರವಾಗಿ ಅಂಗಡಿಗೆ ಬಂದರು. ಮಿನಾಜ ಬೀಗ ತೆಗೆದು, ಹುಡುಗಿಯನ್ನು ತನ್ನ ಕುರ್ಚಿಯಲ್ಲೇ ಕೂರಿಸಿ, ಎದುರಿನ ಹೋಟೆಲಿಗೆ ಕೂಗಿ ಹೇಳಿದಳು. ಭಾಗ್ಯಜ್ಯೋತಿ ಗೋಡೆಯ ಚೀಟಿಯ ಹತ್ತಿರ ಮುಖ ಒಯ್ದು ಅಕ್ಷರ ಅಕ್ಷರವಾಗಿ ಓದಿದಳು: ತಪ್ಪು ತೋರಿಸಿದವರಿಗೆ ಚಹಾ.

“ಎರಡು ತಪ್ಪು ತೋರಿಸೇನಿ ಅಕ್ಕಾರ,” ಎಂದಳು.

ಮೂಲೆಯಲ್ಲಿ ಅಬ್ಬಾ ಜೋರಾಗಿಯೇ ನಕ್ಕುಬಿಟ್ಟರು. ಮಿನಾಜ ಮತ್ತೆ ಹೋಟೆಲಿನತ್ತ ತಿರುಗಿ ಇನ್ನೊಂದು ಚಹಾ ಹೇಳಿದಳು.